ಡಬಲ್ ಪನ್ನದ ಮೊಬೈಲು

ದಾವಣಗೆರೆಯಲ್ಲಿ ಮೊಬೈಲ್ ಫೋನನ್ನು ಟೇಪು ಹಿಡಿದು ಅಳೆದು ಕೊಂಡವರು ಒಬ್ಬರೇ ಒಬ್ಬರಿದ್ದಾರೆ. ನನ್ನ ಪುಣ್ಯವೋ ಪಾಪವೋ, ಅವರು ನನ್ನ ಸೋದರಮಾವ! ನಂಬಿಕೆ ಬಾರದಿದ್ದರೆ ಪಿ.ಬಿ. ರಸ್ತೆಯ ಯಾವುದಾದರೂ ಮೊಬೈಲ್ ಅಂಗಡಿಗೆ ಹೋಗಿ, "ಟೇಪಿನ ಯಜಮಾನ್ರು ಈ ಕಡೆ ಬಂದಿದ್ರಾ?" ಎಂದು ಕೇಳಿ ನೋಡಿ. ಅಲ್ಲಿಯವರು ಮೊದಲು ನಗುತ್ತಾರೆ. ಆಮೇಲೆ ಗಾಬರಿಯಿಂದ ನಿಮ್ಮ ಬೆನ್ನ ಹಿಂದೆ ಇಣುಕುತ್ತಾರೆ, ನೀವು ಅವರನ್ನು ಜೊತೆಗೆ ಕರೆತಂದಿರಬಹುದೇ ಎಂದು.

ಮಾವನ ಮನೆ ಇರುವುದು ನಿಟ್ಟುವಳ್ಳಿಯಲ್ಲಿ. ವಯಸ್ಸು ಎಪ್ಪತ್ತು ದಾಟಿದೆ. ಬಿಳಿ ಜುಬ್ಬಾ, ಬಿಳಿ ಪಂಚೆ, ಹಣೆಗೆ ವಿಭೂತಿ. ದೂರದಿಂದ ನೋಡಿದವರು ಯಾವುದೋ ಮಠದ ಹಿರಿಯರಿರಬೇಕು ಎಂದು ಕೈ ಮುಗಿಯುತ್ತಾರೆ. ಮಾವ ಬಾಯಿ ತೆರೆದರೋ, ಮುಗಿದ ಕೈ ಕಿವಿಗೆ ಹೋಗುತ್ತದೆ! ಅಷ್ಟು ಜೋರು ದನಿ. ಇದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ, ತಪ್ಪೆಲ್ಲ ಹತ್ತಿ ಮಿಲ್ಲಿನದು. ಅವರು ಪ್ರಾಯವನ್ನೆಲ್ಲ ಕಳೆದದ್ದು ಮಿಲ್ಲಿನ ನೇಯ್ಗೆ ವಿಭಾಗದಲ್ಲಿ. ಮಗ್ಗಗಳೆಲ್ಲ ಒಟ್ಟಿಗೆ ಬಡಿಯುವಾಗ ಅಲ್ಲಿ ಸಿಡಿಲು ಬಿದ್ದರೂ ಯಾರೂ ತಿರುಗಿ ನೋಡುತ್ತಿರಲಿಲ್ಲವಂತೆ. ಆ ಸದ್ದು ಮಾವನ ಕಿವಿಯಲ್ಲಿ ಅರ್ಧವನ್ನು ತಿಂದು ಹಾಕಿತು.

ಅಂಥ ಗದ್ದಲದಲ್ಲಿ ಬಾಯಿ ಹರಿದುಕೊಂಡರೂ ಪಕ್ಕದವನಿಗೆ ಕೇಳಿಸದು. ಹಾಗಂತ ಇಡೀ ಪಾಳಿ ಮಾತಾಡದೆ ಇರುವುದಕ್ಕೆ ನಮ್ಮ ದಾವಣಗೆರೆಯವರಿಂದ ಆದೀತೇ? ಅದಕ್ಕೇ ಅವರು ಒಂದು ಭಾಷೆ ಮಾಡಿಕೊಂಡಿದ್ದರು. ದನಿ ಹೊರಡಿಸದೆ ತುಟಿಗಳನ್ನು ದೊಡ್ಡದಾಗಿ ಆಡಿಸುವುದು, ತುಟಿಯಲ್ಲಿ ಹೇಳಲಾಗದ್ದನ್ನು ಕೈಯಲ್ಲಿ ಹೇಳುವುದು. ಮೇಸ್ತ್ರಿಯನ್ನು ಅವನ ಎದುರಿಗೇ ಬೈಯುವ ಅನುಕೂಲವೂ ಈ ಭಾಷೆಗೆ ಇತ್ತು. ಮಾವನ ಮಗ್ಗದ ಎದುರಿನ ಮಗ್ಗ ರಜಾಕ್ ಸಾಬರದು. ಇಬ್ಬರೂ ಹೀಗೆ ಎದುರುಬದುರು ನಿಂತು, ಒಂದು ಸದ್ದೂ ಮಾಡದೆ, ಲೋಕದ ವಿಚಾರವನ್ನೆಲ್ಲ ಮಾತಾಡಿ ಮುಗಿಸಿದವರು. ದಿನವೂ ಮೊದಲ ಪ್ರಶ್ನೆ ಒಂದೇ, "ಬುತ್ತಿಗೆ ಏನು?" ಅದಕ್ಕೆ ಎಡಗೈಯನ್ನು ಬುತ್ತಿಗಂಟಿನ ಹಾಗೆ ಮಡಚಿ, ಹುಬ್ಬು ಏರಿಸಬೇಕು. ಊಟದ ಸೈರನ್ ಆದ ಮೇಲೆ ಮಾವನ ರೊಟ್ಟಿಯಲ್ಲಿ ಅರ್ಧ ರಜಾಕ್ ಸಾಬರಿಗೆ, ಅವರ ಚಪಾತಿಯಲ್ಲಿ ಅರ್ಧ ಮಾವನಿಗೆ. ನಾನು ಚಿಕ್ಕಂದಿನಿಂದ ನೋಡುತ್ತಾ ಬಂದರೂ ಆ ಭಾಷೆಯಲ್ಲಿ ನನಗೆ ಅರ್ಥವಾಗುವುದು ಈ ಬುತ್ತಿಯ ಮಾತೊಂದೇ.

ನನ್ನ ಮದುವೆಯಲ್ಲಿ ಇವರಿಬ್ಬರೂ ಮಾಡಿದ ಉಪಕಾರ ಹೇಳಬೇಕು. ಊಟದ ಪಂಕ್ತಿಯ ಆ ತುದಿಯಲ್ಲಿ ರಜಾಕ್ ಸಾಬರು, ಈ ತುದಿಯಲ್ಲಿ ಮಾವ. ಅಡುಗೆಮನೆಯ ಬಾಗಿಲು ಕಾಣುವುದು ಆ ತುದಿಗೆ ಮಾತ್ರ. ಹೋಳಿಗೆಯ ಬುಟ್ಟಿ ಹೊರಗೆ ಬಂತೋ ಇಲ್ಲವೋ, ರಜಾಕ್ ಸಾಬರ ತುಟಿ ಅಲ್ಲಾಡುತ್ತಿತ್ತು. ಮಾವ ಕೂಡಲೇ ಅನ್ನ ಬೇಡ ಎಂದು ಕೈ ಅಡ್ಡ ಹಿಡಿದು, ಪಂಕ್ತಿಗೆಲ್ಲ ಕೇಳುವ ಹಾಗೆ, "ತಡೀರಿ ತಡೀರಿ, ಹೋಳಿಗಿ ಬರ್ತೈತೆ, ಹೊಟ್ಟೆ ತುಂಬಿಸ್ಕೋಬ್ಯಾಡ್ರಿ!" ಎಂದು ಕೂಗಿದರು. ಬೀಗರು ಮಾವನಿಗೆ ದೈವಾಂಶವೇನಾದರೂ ಇದೆಯೇ ಎಂದು ನನ್ನ ಅಮ್ಮನನ್ನು ಗುಟ್ಟಾಗಿ ವಿಚಾರಿಸಿದರಂತೆ.

ಮಿಲ್ಲು ಮುಚ್ಚಿದ ಮೇಲೆ ರಜಾಕ್ ಸಾಬರು ಹರಿಹರಕ್ಕೆ ಹೋಗಿ ಹತ್ತಿ ಗಾದಿಯ ಅಂಗಡಿ ಇಟ್ಟರು. ಮಾವ ಇಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆದು ಕತ್ತರಿಸುವ ಕೆಲಸಕ್ಕೆ ಸೇರಿದರು. ಟೇಪು ಜುಬ್ಬಾದ ಜೇಬು ಸೇರಿದ್ದು ಆಗ. ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಟೇಪು ಮಾತ್ರ ಇನ್ನೂ ಜೇಬು ಬಿಟ್ಟಿಲ್ಲ. ಕಂಡದ್ದನ್ನೆಲ್ಲ ಅಳೆಯುತ್ತಾರೆ! ಹೊಸ ಬಾಗಿಲು, ಮುನಿಸಿಪಾಲಿಟಿಯವರು ತೋಡಿದ ಗುಂಡಿ, ಮೊಮ್ಮಕ್ಕಳ ಪಾದ. ಅತ್ತೆ ಬಡಿದ ರೊಟ್ಟಿಯನ್ನೂ ಬಿಟ್ಟವರಲ್ಲ. "ಇವತ್ತು ಅರ್ಧ ಇಂಚು ಕಮ್ಮಿ ಬಿದ್ದೈತೆ," ಎಂದು ಒಂದು ದಿನ ಅಂದದ್ದಕ್ಕೆ ಅತ್ತೆ, "ಹಂಗಾರೆ ನಾಳೆಯಿಂದ ಟೇಪನ್ನೇ ತಿನ್ರಿ," ಎಂದು ಹಂಚು ಇಳಿಸಿಬಿಟ್ಟರು.

ಇಷ್ಟು ವರ್ಷ ಮಾವ ಪ್ರತಿ ಸೋಮವಾರ ಬಸ್ಸು ಹತ್ತಿ ಹರಿಹರಕ್ಕೆ ಹೋಗಿ ಗೆಳೆಯನ ಜೊತೆ ಕೂತು ಬರುತ್ತಿದ್ದರು. ಮೊದಮೊದಲು ರಜಾಕ್ ಸಾಬರೂ ವಾರದ ನಡುವೆ ಒಮ್ಮೆ ಈ ಕಡೆ ಬರುತ್ತಿದ್ದರು. ಅವರ ಮೊಣಕಾಲು ಕೈಕೊಟ್ಟ ಮೇಲೆ ಅದು ನಿಂತಿತು. ಈಗ ಅವರ ಓಡಾಟವೆಂದರೆ ಅಂಗಡಿಯಿಂದ ಮಸೀದಿ, ಮಸೀದಿಯಿಂದ ಅಂಗಡಿ. ಬಸ್ಸಿನ ಮೆಟ್ಟಿಲೆಂದರೆ ಬೆಟ್ಟ. ಸಾಲದ್ದಕ್ಕೆ ಕಿವಿ ಪೂರ್ತಿ ಹೋಯಿತು. ಸೋಮವಾರದ ಮಾತು ಉಳಿದ ದಿನಗಳಿಗೆ ಸಾಕಾಗುತ್ತದೆಯೇ? ಮಾವ ಚಡಪಡಿಸತೊಡಗಿದರು. "ಮಂಗಳವಾರ ಹೊಳೆದ ಮಾತನ್ನ ಸೋಮವಾರದ ಮಟ ಎಲ್ಲಿ ಇಟ್ಕೊಳ್ಳಲವ್ವ? ಹಳಸಿ ಹೋಗ್ತೈತೆ," ಎಂದು ನನ್ನ ಹತ್ತಿರ ಅಂದರು. ತಮಾಷೆಗೆ ಅಂದದ್ದಲ್ಲ. ಆ ದಿನ ಅವರ ಮುಖ ನೋಡಿ ನನಗೆ ಕೆಡುಕೆನಿಸಿತು.

ಮನೆಯಲ್ಲಿ ಗುಂಡಿ ಒತ್ತುವ ಹಳೆಯ ಫೋನು ಇತ್ತಲ್ಲ, ಅದರಲ್ಲೂ ಪ್ರಯತ್ನವಾಯಿತು. ಮಾವ ಜಗುಲಿಯ ಮೇಲೆ ನಿಂತು, "ರಜಾಕ್! ನನ್ನ ದವಡಿ ಹಲ್ಲು ತೆಗೆಸಿದೆ!" ಎಂದು ಕೂಗುವರು. ಆ ಕಡೆಯಿಂದ ರಜಾಕ್ ಸಾಬರು ಇನ್ನೇನನ್ನೋ ಕೂಗುವರು. ಇವರು ಹೇಳಿದ್ದು ಅವರಿಗೆ ಕೇಳಿಸದು, ಅವರು ಹೇಳಿದ್ದು ಇವರಿಗೆ ತಿಳಿಯದು. ಆದರೆ ನಿಟ್ಟುವಳ್ಳಿಗೆಲ್ಲ ಕೇಳಿಸುತ್ತಿತ್ತು! ಸಂಜೆ ತರಕಾರಿ ಗಾಡಿಯವನು, ಹಾಲಿನವನು, ಎದುರುಮನೆಯ ಸೊಸೆ ಎಲ್ಲರೂ, "ಹಲ್ಲು ಹೆಂಗೈತ್ರಿ ಯಜಮಾನ್ರೆ?" ಎಂದು ಕೇಳಿ ಹೋದರು. ಕೇಳದೆ ಉಳಿದವರು ಇಡೀ ಜಿಲ್ಲೆಯಲ್ಲಿ ರಜಾಕ್ ಸಾಬರೊಬ್ಬರೇ.

ನಾನು ಆಗ ಬುದ್ಧಿವಂತಿಕೆ ತೋರಿಸಲು ಹೋದೆ. ನಾನಿರುವುದು ನಿಜಲಿಂಗಪ್ಪ ಬಡಾವಣೆಯಲ್ಲಿ. ಅಲ್ಲಿಂದ ಸ್ಕೂಟರ್ ಹತ್ತಿ ಬಂದು, ಕಂತಿನ ಮೇಲೆ ಕೊಂಡ ನನ್ನ ಭಾರಿ ಬೆಲೆಯ ಫೋನಿನಲ್ಲಿ ರಜಾಕ್ ಸಾಬರ ಮಗನಿಗೆ ವೀಡಿಯೊ ಕಾಲ್ ಮಾಡಿ, ಅವನ ಅಪ್ಪನನ್ನು ಮಾವನಿಗೆ ತೋರಿಸಿದೆ. ಮಾವ ಹಿಗ್ಗಿಹೋದರು. ಕನ್ನಡಕ ಏರಿಸಿದರು, ಇಳಿಸಿದರು, ಫೋನನ್ನು ಮೂಗಿನ ಹತ್ತಿರ ತಂದರು, ಕೈ ಚಾಚಿ ದೂರ ಹಿಡಿದರು. ಕೊನೆಗೆ, "ಮಾರಿ ಬಟಾಣಿಯಷ್ಟು ಐತೆ. ತುಟಿ ಎಲ್ಲಿ ಹುಡುಕ್ಲಿ? ಕೈ ಆಡಿಸಿದ್ರೆ ಹೊರಗೇ ಹೊಕ್ಕಾವೆ. ಎಷ್ಟು ಕೊಟ್ಟಿ ಇದಕ್ಕ?" ಎಂದರು.

ಬೆಲೆ ಹೇಳಿದೆ.

"ಅಷ್ಟು ದುಡ್ಡಿಗೆ ಇಷ್ಟೇ ಪನ್ನಾನಾ?"

ಪನ್ನ ಅಂದರೆ ಬಟ್ಟೆಯ ಅಗಲ. ನೇಯುವವರು, ಮಾರುವವರು, ಹೊಲಿಯುವವರು ಎಲ್ಲರೂ ಬಟ್ಟೆಗೆ ಮೊದಲು ಕೇಳುವುದು ಅದನ್ನೇ. ನನ್ನ ಫೋನಿನ ಬಗ್ಗೆ ಅದನ್ನು ಕೇಳಿದವರು ಮಾವನೇ ಮೊದಲಿಗರು. ಕೊಟ್ಟ ದುಡ್ಡು ನೆನೆದು ನನಗೂ ಅದು ಸಣ್ಣದಾಗಿಯೇ ಕಾಣತೊಡಗಿತು.

ಮರುವಾರ ನಮ್ಮ ಸವಾರಿ ಪಿ.ಬಿ. ರಸ್ತೆಗೆ ಹೊರಟಿತು. ದೊಡ್ಡ ಗಾಜಿನ ಅಂಗಡಿ, ಒಳಗೆ ಎ.ಸಿ. ಮಾವ ಬಾಗಿಲಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಬಂದರು. ಟೈ ಕಟ್ಟಿದ ಸೇಲ್ಸ್‌ಮನ್ ನಗುನಗುತ್ತಾ ಒಂದು ಫೋನು ತೆಗೆದು, "ಆರೂವರೆ ಇಂಚು ಡಿಸ್‌ಪ್ಲೇ ಸರ್," ಎಂದ. ಅಷ್ಟು ಹೇಳಿದ್ದೇ ತಡ, ಜುಬ್ಬಾದಿಂದ ಟೇಪು ಹೊರಗೆ ಬಂತು! ಮಾವ ಫೋನಿನ ಅಗಲಕ್ಕೆ ಟೇಪು ಹಿಡಿದರು. ಇನ್ನೊಮ್ಮೆ ಹಿಡಿದರು. ಆಮೇಲೆ ಅಂಗಡಿಯ ಗಾಜು ನಡುಗುವ ಹಾಗೆ ಕೂಗಿದರು:

"ಮೂರು ಇಂಚೂ ಇಲ್ಲ! ಆರೂವರೆ ಅಂತೀಯಲ್ಲೋ ತಮ್ಮ?"

"ಸರ್, ಅದು ಹಂಗೆ ಅಳೆಯಲ್ಲ. ಈ ಮೂಲೆಯಿಂದ ಆ ಮೂಲೆಗೆ ಅಳೀತಾರೆ. ನೋಡ್ರಿ, ಓರೆಯಾಗಿ."

"ಓರೇನಾ?" ಮಾವ ಸುತ್ತಲಿದ್ದ ಗಿರಾಕಿಗಳ ಕಡೆ ತಿರುಗಿದರು. "ಕೇಳಿದ್ರ್ಯಾ? ಓರೆಯಾಗಿ ಅಳೀತಾರಂತೆ! ನಾನು ಜಂಪರ್ ಪೀಸನ್ನ ಮೂಲಿಯಿಂದ ಮೂಲಿಗೆ ಅಳದು ಕೊಟ್ಟಿದ್ರೆ ದಾವಣಗೆರೆ ಹೆಣ್ಮಕ್ಕಳು ನನ್ನ ಸುಮ್ಮನೆ ಬಿಡ್ತಿದ್ರಾ?"

ಗಿರಾಕಿಗಳಲ್ಲಿ ಇಬ್ಬರು ಹೆಂಗಸರು, "ಅವ್ರು ಹೇಳೋದು ಖರೇ ಐತೆ ಬಿಡ್ರಿ," ಅಂದೇಬಿಟ್ಟರು. ಒಬ್ಬಾಕೆ ಟೇಪು ಇಸಿದುಕೊಂಡು ತನ್ನ ಫೋನನ್ನೂ ಅಳೆದಳು. ಅಂಗಡಿಯಲ್ಲಿ ಸಣ್ಣದೊಂದು ಬಂಡಾಯ ಏಳುವ ಲಕ್ಷಣ ಕಂಡು ಮ್ಯಾನೇಜರೇ ಓಡಿಬಂದು, "ಕೂಡ್ರಿ ಯಜಮಾನ್ರೆ, ಏನು ಬೇಕು ಹೇಳ್ರಿ," ಎಂದು ಕುರ್ಚಿ ಹಾಕಿಸಿ ಚಹಾ ತರಿಸಿದರು.

"ಹರಿಹರದಾಗಿರೋ ನನ್ನ ದೋಸ್ತನ ತುಟಿ ಕಾಣ್ಬೇಕು. ಅವನ ಎರಡೂ ಕೈ ಚೌಕಟ್ಟಿನೊಳಗ ಬರ್ಬೇಕು. ಅಷ್ಟೇ," ಎಂದರು ಮಾವ.

ಮ್ಯಾನೇಜರರು ಬಹಳ ಹೊತ್ತು ಯೋಚಿಸಿದರು. ಅವರ ಸೇವೆಯಲ್ಲಿ ಇಂಥ ಬೇಡಿಕೆ ಬಂದಿರಲಿಕ್ಕಿಲ್ಲ. ಆಮೇಲೆ ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಪುಸ್ತಕದ ಹಾಗೆ ಮಡಚಿದ ಒಂದು ಫೋನನ್ನು ತಂದು ಮಾವನ ಎದುರಿಗೆ ಬಿಡಿಸಿದರು. ಅಬ್ಬಾ, ಮಾವನ ಕಣ್ಣು ನೋಡಬೇಕಿತ್ತು! "ಡಬಲ್ ಪನ್ನ!" ಎಂದು ಉದ್ಗರಿಸಿದರು. ಮುಚ್ಚಿದರು, ತೆರೆದರು, ಮಡಿಕೆಯ ಮೇಲೆ ಹೆಬ್ಬೆರಳಾಡಿಸಿ ಎಳೆ ಹರಿದಿದೆಯೋ ಎಂದು ಪರೀಕ್ಷಿಸಿದರು. ಬೆಲೆ ಕೇಳಿದರು. ಕೇಳಿದ ಮೇಲೆ ಫೋನನ್ನು ಮಡಚಿ, ಎರಡೂ ಕೈಯಲ್ಲಿ ಹಿಡಿದು, ದೇವರ ಮುಂದೆ ತಟ್ಟೆ ಇಡುವ ಹಾಗೆ ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಚಹಾವನ್ನೂ ಸ್ವಲ್ಪ ದೂರ ಸರಿಸಿದರು.

ಆಗ ಅವರ ದೃಷ್ಟಿ ಕೆಳಗಿನ ಸಾಲಿಗೆ ಬಿತ್ತು. ಅಲ್ಲಿ ಯಾರೂ ಕೇಳದ ಅಗ್ಗದ ಮಾಡೆಲ್‌ಗಳನ್ನು ಪೇರಿಸಿದ್ದರು. ಒಂದು ನೀಲಿ ಫೋನು, ರೊಟ್ಟಿ ಬಡಿಯುವ ಮಣೆಯ ತಮ್ಮನ ಹಾಗೆ ಅಗಲವಾಗಿ ಕೂತಿತ್ತು. ಮಾವ ಅದನ್ನು ಅಡ್ಡ ಹಿಡಿದು ಅಳೆದರು. ನನ್ನ ಫೋನು ಇಸಿದುಕೊಂಡು ಅದನ್ನೂ ಅಳೆದರು. ಬೆಲೆ ಕೇಳಿದರು. ನನ್ನ ಮುಖ ನೋಡಿದರು. ಮತ್ತೆ ಬೆಲೆ ಕೇಳಿದರು.

"ಅಲ್ಲವ್ವ, ರೊಕ್ಕ ಕಮ್ಮಿ ಆದಂಗೆ ಇದು ದೊಡ್ಡದಾಕ್ಕೋತ ಹೊಕ್ಕೈತಲ್ಲ! ಸಾವ್ಕಾರ್ರು ಜಾಸ್ತಿ ಕೊಟ್ಟು ಸಣ್ಣದು ಯಾಕ ತಗೋತಾರೆ?"

ಸೇಲ್ಸ್‌ಮನ್‌ಗೆ ಇದನ್ನು ಮಾರುವ ಉಮೇದು ಇರಲಿಲ್ಲ. "ಇದು ಬ್ಯಾಡ ಸರ್. ಗೇಮ್ ಆಡುವಾಗ ನಿಂತುಬಿಡ್ತೈತೆ."

"ಆಡೋ ವಯಸ್ಸೇನೋ ನಂದು?"

"ಫೋಟೊ ಅಷ್ಟು ಚಲೋ ಬರಲ್ಲ."

"ನಾನೇ ಅಷ್ಟು ಚಲೋ ಇಲ್ಲ. ಅದರ ತಪ್ಪೇನೈತೆ?"

"ತೂಕ ಸರ್, ಜೇಬಿನಾಗೆ ಭಾರ ಆಕ್ಕೈತೆ."

ಮಾವ ಟೇಪು ಇರುವ ಜೇಬನ್ನು ಬಿಟ್ಟು ಇನ್ನೊಂದು ಜೇಬು ತೋರಿಸಿದರು. "ಈ ಕಡೆ ಒಂದು, ಆ ಕಡೆ ಒಂದು. ತಕ್ಕಡಿ ಸಮ ಆಕ್ಕೈತೆ."

ಆದರೂ ಪರೀಕ್ಷೆ ಆಗದೆ ಕೊಳ್ಳುವವರಲ್ಲ. ನನ್ನನ್ನು ಅಂಗಡಿಯ ಆ ತುದಿಗೆ, ಫ್ರಿಜ್ಜುಗಳ ಪಕ್ಕಕ್ಕೆ ಓಡಿಸಿದರು. ಫೋನಿನ ಕ್ಯಾಮೆರಾ ನನ್ನ ಕಡೆ ಹಿಡಿದು, ನನ್ನನ್ನು ನೋಡದೆ ಪರದೆಯನ್ನೇ ನೋಡುತ್ತಾ, "ಸದ್ದು ಮಾಡದೆ ಏನಾರ ಮಾತಾಡು!" ಎಂದು ಆಜ್ಞೆ ಮಾಡಿದರು. ಇಡೀ ಅಂಗಡಿ ನನ್ನನ್ನೇ ನೋಡುತ್ತಿದೆ. ನಾಚಿಕೆಯಿಂದ ಸತ್ತೇಹೋಗುತ್ತೇನೆ ಅನ್ನಿಸಿತು. ತುಟಿಗಳನ್ನು ಅಗಲಿಸಿ, ದನಿಯಿಲ್ಲದೆ, "ಮಾವ, ಸಾಕು, ಮನೆಗೆ ಹೋಗೋಣ ಬನ್ನಿ," ಎಂದೆ.

"ಪಾಸಾತು!" ಎಂದು ಮಾವ ಕುಣಿದರು. "ಮನಿಗೆ ಹೋಗಣ ಅಂದ್ಲು! ಒಂದೊಂದು ಅಕ್ಷರ ಕಂಡ್ತು! ಇನ್ನೂ ಇಲ್ಲವ್ವ, ಎರಡ್ನೇದನ್ನ ಪರೀಕ್ಷೆ ಮಾಡ್ಬೇಕು, ಅಲ್ಲೇ ನಿಂದ್ರು!"

ಹೌದು, ಎರಡು! ರಜಾಕ್ ಸಾಬರ ಹತ್ತಿರ ಇದ್ದದ್ದೂ ಗುಂಡಿಯ ಫೋನೇ. ಮಗನ ಫೋನು ಮಗನ ಜೊತೆ ಊರೂರು ತಿರುಗುತ್ತದೆ. "ನಾನು ಒಂದು ಒಳ್ಳೇ ಫೋನು ಕೊಡಿಸುತ್ತೇನೆ" ಎಂದು ನಾನು ಅಂದಿದ್ದೆ. ಮಾವ ಒಪ್ಪಿರಲಿಲ್ಲ. "ಒಂದು ಭಾರೀದು ತಗೊಂಡು ನಾನೊಬ್ನೇ ಯಾರ ಜೊತೆ ಮಾತಾಡ್ಲಿ? ಎರಡು ಸಾದಾ ಇದ್ರೆ ಇಬ್ರು ಮಾತಾಡ್ತೀವಿ," ಎಂದಿದ್ದರು. ಅಗ್ಗದ ಫೋನಿನ ಪರವಾಗಿ ಇದಕ್ಕಿಂತ ಒಳ್ಳೆಯ ವಾದವನ್ನು ನಾನು ಯಾವ ಜಾಹೀರಾತಿನಲ್ಲೂ ಕೇಳಿಲ್ಲ.

ತಂದದ್ದೇನೋ ಆಯಿತು, ರಜಾಕ್ ಸಾಬರು ತೆಗೆದುಕೊಳ್ಳಬೇಕಲ್ಲ! ಸೋಮವಾರ ಹರಿಹರದಲ್ಲಿ ಡಬ್ಬಿ ತೆರೆದು ತೋರಿಸಿದರೆ ಅವರು ಕೈ ಕಟ್ಟಿಕೊಂಡು ಗೋಡೆ ಕಡೆ ತಿರುಗಿ ಕೂತರಂತೆ. ಪುಕ್ಕಟೆ ಬೇಡ ಅನ್ನುವುದು ಅವರ ಹಟ, ವಾಪಸ್ ಒಯ್ಯುವುದಿಲ್ಲ ಅನ್ನುವುದು ಇವರ ಹಟ. ಗೋಡೆ ಕಡೆ ತಿರುಗಿದವರ ತುಟಿ ಕಾಣದ್ದರಿಂದ ಜಗಳ ಮುಂದುವರಿಯಲು ದಾರಿಯೇ ಇರಲಿಲ್ಲ. ಕೊನೆಗೆ ಮಾವ ಅವರ ಎದುರಿಗೆ ಹೋಗಿ ಕೂತು, "ಸರಿ, ನಂಗೊಂದು ಗಾದಿ ಮಾಡಿಕೊಡು," ಎಂದರು. ಫೋನಿಗೆ ಗಾದಿ, ವ್ಯವಹಾರ ಮುಗಿಯಿತು.

ಮುಗಿಯಿತು ಎಂದು ನಾವು ತಿಳಿದೆವು. ಆ ಗಾದಿ ಬಂದ ದಿನ ಅತ್ತೆಯ ಮುಖ ನೀವು ನೋಡಬೇಕಿತ್ತು! ಗೆಳೆಯನ ಋಣ ಉಳಿಯಬಾರದು ಎಂದು ರಜಾಕ್ ಸಾಬರು ತಮ್ಮಲ್ಲಿದ್ದ ಹತ್ತಿಯನ್ನೆಲ್ಲ ಅದಕ್ಕೇ ತುಂಬಿದ ಹಾಗಿತ್ತು. ಮಂಚದ ಮೇಲೆ ಹಾಸಿದರೆ ಮಲಗಿದವರ ಮೂಗಿಗೆ ಫ್ಯಾನಿನ ಗಾಳಿ ಅಲ್ಲ, ಫ್ಯಾನೇ ತಾಗುವ ಎತ್ತರ. ಅತ್ತೆ ಸ್ಟೂಲ್ ಹಾಕಿಕೊಂಡು ಹತ್ತಿ, "ಏನ್ರಿ, ಇಳಿಯೋಕೆ ನಿಮ್ಮ ದೋಸ್ತು ಏಣಿ ಕಳ್ಸಿಲ್ಲಾ?" ಎಂದು ಮೇಲಿಂದ ಕೇಳಿದರು. ಗಾದಿಯ ಜೊತೆ ಇನ್ನೂ ಒಂದು ಸಾಮಾನು ಬಂದಿತ್ತು. ಅದೇ ಪಟ್ಟೆ ಬಟ್ಟೆಯಲ್ಲಿ ಹೊಲಿದ ಅಂಗೈಯಗಲದ ಪುಟ್ಟ ಗಾದಿ, ಅದಕ್ಕೊಂದು ಪುಟ್ಟ ತಲೆದಿಂಬು. ಫೋನಿಗೆ ಮಲಗಲು! ಬೆಲೆಬಾಳುವ ನನ್ನ ಫೋನು ಬರಿಯ ಮೇಜಿನ ಮೇಲೆ ಮಲಗುತ್ತದೆ. ಮಾವನದು ಹತ್ತಿ ಗಾದಿಯ ಮೇಲೆ ದಿಂಬಿಗೆ ತಲೆಯಿಟ್ಟು ಮಲಗುತ್ತದೆ.

ಅಂದಿನಿಂದ ಮಿಲ್ಲಿನ ಊಟದ ಸೈರನ್ ಆಗುತ್ತಿದ್ದ ಹೊತ್ತಿಗೆ ಸರಿಯಾಗಿ ವೀಡಿಯೊ ಕಾಲ್. ಮಾವನ ಫೋನು ಸ್ಟೀಲಿನ ಚೊಂಬಿಗೆ ಒರಗಿ ಅಡ್ಡಲಾಗಿ ನಿಲ್ಲುತ್ತದೆ. ಅಲ್ಲಿ ರಜಾಕ್ ಸಾಬರದು ಹತ್ತಿ ಮೂಟೆಗೆ ಒರಗಿರುತ್ತದೆ. ಮೊದಲ ಪ್ರಶ್ನೆ ಅದೇ, "ಬುತ್ತಿಗೆ ಏನು?" ಇಬ್ಬರೂ ತಟ್ಟೆ ಎತ್ತಿ ತೋರಿಸುತ್ತಾರೆ. ಆಮೇಲೆ ಶುರು, ಒಂದು ಪಿಟ್ ಸದ್ದೂ ಇಲ್ಲದ ಮಾತು! ಕೈ ಬೀಸುತ್ತಾರೆ, ಹಣೆ ಬಡಿದುಕೊಳ್ಳುತ್ತಾರೆ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನೋಡಿದವರಿಗೆಲ್ಲ ಫೋನು ಕೆಟ್ಟಿದೆ ಎಂದೇ ಅನುಮಾನ. ಗ್ಯಾಸ್ ಸಿಲಿಂಡರ್ ತಂದವನು, "ಸೌಂಡು ಬಂದ್ ಆಗೈತ್ರಿ," ಎಂದು ವಾಲ್ಯೂಮ್ ಏರಿಸಿ ಹೋದ. ಕರೆಂಟ್ ಮೀಟರ್ ಓದಲು ಬಂದವನೂ ಏರಿಸಿ ಹೋದ. ಒಂದು ದಿನ ಪೂಜೆಗೆಂದು ಬಂದ ಅಯ್ಯನವರು ಇದು ಯಾವುದೋ ಮೌನವ್ರತವೆಂದು ತಿಳಿದು, ತಾವೂ ಕಣ್ಣು ಮುಚ್ಚಿ ಕಾಯುತ್ತಾ ಜಗುಲಿಯಲ್ಲೇ ನಿದ್ದೆ ಹೋದರು.

ಅತ್ತೆಗೆ ಮಾತ್ರ ಹೊಸ ಸಂಕಟ. "ಮೊದಲು ಕೂಗಾಡ್ತಿದ್ರು, ಬೀದಿಗೆಲ್ಲ ಗೊತ್ತಾಗ್ತಿತ್ತು. ಈಗ ಮನ್ಯಾಗಿದ್ದೋರಿಗೂ ಗೊತ್ತಾಗವಲ್ದು. ನನ್ನ ಸಾರಿನ ವಿಚಾರನೇ ಮಾತಾಡ್ತಾರೆ ಅಂತ ನಂಗೆ ಗುಮಾನಿ," ಎಂದು ನನ್ನ ಹತ್ತಿರ ದೂರಿದರು. ಗುಮಾನಿ ಅರ್ಧ ನಿಜವಾಗಿತ್ತು. ರಜಾಕ್ ಸಾಬರು ದಿನವೂ ಅತ್ತೆಯ ರೊಟ್ಟಿಯನ್ನು ಹೊಗಳುತ್ತಿದ್ದರಂತೆ, ಮಾವ ಅದನ್ನು ಅತ್ತೆಗೆ ತಿಳಿಸುವ ಗೋಜಿಗೇ ಹೋಗಿರಲಿಲ್ಲ! ವಿಷಯ ತಿಳಿದ ಮರುದಿನದಿಂದ ಅತ್ತೆಯೇ ತಟ್ಟೆಯನ್ನು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವ ಹಾಗೆ ಜೋಡಿಸತೊಡಗಿದರು.

ಹೋದ ತಿಂಗಳು ಒಂದು ಭಾನುವಾರ ನಾನೂ ಊಟಕ್ಕೆ ಅಲ್ಲಿದ್ದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎದುರಿಗೆ ಚೊಂಬಿಗೆ ಒರಗಿದ ರಜಾಕ್ ಸಾಬರು ಏನೋ ಹೇಳುತ್ತಾ ನಗುತ್ತಿದ್ದರು. ಇದ್ದಕ್ಕಿದ್ದಂತೆ ಅವರು ನಿಂತುಬಿಟ್ಟರು. ಬಾಯಿ ತೆರೆದೇ ಇದೆ, ಕಣ್ಣು ಅರ್ಧ ಮುಚ್ಚಿದೆ, ಬಲಗೈ ಎದೆಯ ಮೇಲಿದೆ. ಅಲುಗಾಟವಿಲ್ಲ.

ಮಾವನ ಕೈ ಬಾಯಿಯ ಹತ್ತಿರವೇ ನಿಂತಿತು. "ರಜಾಕ್‌ಗೆ ಏನೋ ಆತು!"

"ಏನಿಲ್ಲ ಮಾವ, ನೆಟ್‌ವರ್ಕ್ ಹೋಗಿದೆ. ಚಿತ್ರ ನಿಂತಿದೆ ಅಷ್ಟೆ," ಎಂದೆ.

"ನೆಟ್‌ವರ್ಕ್ ಹೋದ್ರೆ ಎದಿ ಯಾಕ ಹಿಡ್ಕೊತಾನೆ?"

ಕಾಲ್ ಕಡಿದುಹೋಯಿತು. ನಾನು ನನ್ನ ಫೋನಿನಿಂದ ರಜಾಕ್ ಸಾಬರ ನಂಬರಿಗೆ ಹಚ್ಚಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಕಿವಿ ಕೇಳದವರು ರಿಂಗ್ ಕೇಳಿ ಎತ್ತುವುದು ಹೇಗೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಇನ್ನೊಮ್ಮೆ ಹಚ್ಚಿದೆ. ಅವರ ಮಗನಿಗೆ ಹಚ್ಚಿದರೆ, ಅವನು ಗಾದಿ ಕೊಡಲು ಮಲೆಬೆನ್ನೂರಿಗೆ ಹೋಗಿದ್ದಾನೆ, ಅಂಗಡಿಯಲ್ಲಿ ಅಪ್ಪ ಒಬ್ಬರೇ ಇದ್ದಾರೆ ಎಂದ. ನಾನು ಫೋನು ಇಡುವಷ್ಟರಲ್ಲಿ ಮಾವ ಬರಿಗಾಲಲ್ಲಿ ನನ್ನ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಕೂತಾಗಿತ್ತು!

ಹರಿಹರದ ದಾರಿ ಹಿಡಿದೆವು. ಸಾಮಾನ್ಯವಾಗಿ ಹಿಂದೆ ಕೂತ ಮಾವ ದಾರಿಯುದ್ದಕ್ಕೂ ನನಗೆ ಗಾಡಿ ಓಡಿಸುವುದನ್ನು ಕಲಿಸುತ್ತಿರುತ್ತಾರೆ. ಅಂದು ಒಂದೇ ಒಂದು ಮಾತಿಲ್ಲ. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ದೇವರೇ, ಅವರಿಗೇನೂ ಆಗದಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ.

ದಾರಿಯ ನಡುವಿನ ಬಾತಿ ಹತ್ತಿರ ಬಂದಿರಬೇಕು. ಮಾವ ನನ್ನ ಬೆನ್ನಿಗೆ ಗುದ್ದಿ, "ನಿಲ್ಸು! ನಿಲ್ಸು!" ಎಂದು ಕೂಗಿದರು. ಬ್ರೇಕ್ ಹಾಕಿ ಚೆನ್ನಾಗಿ ಬಯ್ಯಬೇಕೆಂದು ತಿರುಗಿದೆ. ಮಾವ ಆಗಲೇ ಇಳಿದು ರಸ್ತೆಯ ಆಚೆ ಬದಿಗೆ ಕೈ ಬೀಸುತ್ತಿದ್ದರು. ಡಿವೈಡರಿನ ಆ ಕಡೆ, ದಾವಣಗೆರೆಯ ದಿಕ್ಕಿಗೆ, ಒಂದು ಗೂಡ್ಸ್ ಆಟೊ ಬರುತ್ತಿತ್ತು. ಅದರ ಹಿಂಭಾಗದಲ್ಲಿ ದಪ್ಪನೆಯ ಗಾದಿ. ಗಾದಿಯ ಮೇಲೆ, ಮಡಚಲಾರದ ಕಾಲನ್ನು ಮುಂದಕ್ಕೆ ಚಾಚಿ, ಬಿಳಿ ಗಡ್ಡ ಹಾರಿಸುತ್ತಾ, ಮೆರವಣಿಗೆ ಹೊರಟ ನವಾಬನ ಹಾಗೆ ರಜಾಕ್ ಸಾಬರು!

ಆಮೇಲೆ ತಿಳಿದ ವಿಷಯ ಇಷ್ಟು. ರಜಾಕ್ ಸಾಬರು ಎದೆ ಹಿಡಿದುಕೊಂಡದ್ದು ನಗು ತಡೆಯಲಾರದೆ. ಚಿತ್ರ ನಿಂತದ್ದು ನಮ್ಮಲ್ಲಿ ಮಾತ್ರವಲ್ಲ, ಅಲ್ಲಿಯೂ ನಿಂತಿತ್ತು. ಅಲ್ಲಿನ ಪರದೆಯ ಮೇಲೆ ಮಾವ ಬಾಯಿಗೆ ರೊಟ್ಟಿ ಹಿಡಿದು ಕಣ್ಣು ಮೇಲೆ ಮಾಡಿ ನಿಂತಿದ್ದರಂತೆ. ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ನಿಂತಿದೆ ಎಂದೇ ರಜಾಕ್ ಸಾಬರು ತಿಳಿದರು. ಫೋನನ್ನು ಹತ್ತಿ ಮೂಟೆಯ ಹತ್ತಿರವೇ ಬಿಟ್ಟು, ಬೀದಿಗೆ ಬಂದು, ಕಂಡ ಮೊದಲ ಗಾಡಿಯನ್ನು ತಡೆದಿದ್ದರು. ಆಟೊದ ಮುಂದಿನ ಸೀಟಿಗೆ ಮೊಣಕಾಲು ಬಗ್ಗಲಿಲ್ಲ. ಗಾದಿ ಹಾಕಿಸಿಕೊಂಡು ಹಿಂದೆ ಹತ್ತಿದ್ದರು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಹರಿಹರವನ್ನೇ ಬಿಡದಿದ್ದ ಮನುಷ್ಯ!

ಆಟೊ ನಿಂತಿತು. ನಡುವೆ ಇಡೀ ಹೆದ್ದಾರಿ. ಲಾರಿಗಳು, ಬಸ್ಸುಗಳು, ಭತ್ತ ಹೇರಿದ ಟ್ರ್ಯಾಕ್ಟರುಗಳು, ಎಲ್ಲವೂ ಒಟ್ಟಿಗೆ ಹಾರ್ನ್ ಹಾಕುತ್ತಾ ಹೋಗುತ್ತಿದ್ದವು. "ಮಾವ, ಇರಿ, ದಾಟಿಸ್ತೀನಿ" ಎಂದು ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ಆದರೆ ಮಾವನಿಗೆ ದಾಟುವ ಅವಸರವೇ ಇರಲಿಲ್ಲ. ಸುಮ್ಮನೆ ನಿಂತು ಆ ಕಡೆ ನೋಡುತ್ತಿದ್ದರು. ಆ ಕಡೆಯಿಂದ ಅವರೂ ನೋಡುತ್ತಿದ್ದರು. ನಡುವೆ ಆ ಗದ್ದಲ, ಇಕ್ಕೆಲಗಳಲ್ಲಿ ಇವರು. ಮಿಲ್ಲಿನೊಳಗೆ ಇವರು ನಿಲ್ಲುತ್ತಿದ್ದದ್ದು ಹೀಗೆಯೇ ಅಲ್ಲವೇ ಎಂದು ನನಗೆ ಹೊಳೆದದ್ದು ಆಗ.

ರಜಾಕ್ ಸಾಬರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ಎಡಗೈಯನ್ನು ಗಂಟಿನ ಹಾಗೆ ಮಡಚಿ, ಹುಬ್ಬು ಏರಿಸಿ, ತುಟಿಗಳನ್ನು ಅಗಲವಾಗಿ ಆಡಿಸಿದರು. ಅಷ್ಟು ದೂರದಿಂದ, ಯಾವ ಪರದೆಯೂ ಇಲ್ಲದೆ, ನನಗೂ ಕಂಡಿತು.

"ಬುತ್ತಿಗೆ ಏನು?"

ಮಾವ ಜುಬ್ಬಾದ ಜೇಬಿಗೆ ಕೈ ಹಾಕಿದರು. ಮೊದಲು ಟೇಪು ಬಂತು. ಅದನ್ನು ನನ್ನ ಕೈಗೆ ತುರುಕಿ ಮತ್ತೆ ಹುಡುಕಿದರು. ಗಾಬರಿಯಲ್ಲಿ ಎದ್ದು ಓಡುವಾಗ ಕೈಯಲ್ಲಿದ್ದುದನ್ನು ಜೇಬಿಗೆ ಹಾಕಿಕೊಂಡಿದ್ದರೆಂದು ಕಾಣುತ್ತದೆ, ಅದು ಬಂತು. ಒಂದು ಕಡೆ ಕಚ್ಚಿದ ರೊಟ್ಟಿ! ಅದನ್ನು ತಲೆಯ ಮೇಲೆ ಎತ್ತಿ ತೋರಿಸಿದರು. ಆ ಕಡೆ ರಜಾಕ್ ಸಾಬರು ಗಾದಿಯ ಮೇಲೆ ಹೊರಳಾಡಿ ನಕ್ಕರು.

ಲಾರಿಗಳ ಸಂದು ನೋಡಿ ಮಾವನ ಕೈ ಹಿಡಿದು ದಾಟಿಸಿದೆ. ಆಟೊದವನೂ ನಾನೂ ಸೇರಿ ಅವರನ್ನು ಗಾದಿಯ ಮೇಲೆ ಹತ್ತಿಸಿದೆವು. ಗೆಳೆಯನ ಪಕ್ಕ ಕೂತು ಮಾವ ರೊಟ್ಟಿ ಮುರಿದರು. ಒಂದು ತುಂಡು ದೊಡ್ಡದಾಗಿತ್ತು, ಒಂದು ಚಿಕ್ಕದಾಗಿತ್ತು. ದೊಡ್ಡದನ್ನು ರಜಾಕ್ ಸಾಬರ ಕೈಗೆ ಇಟ್ಟರು. ಟೇಪು ನನ್ನ ಕೈಯಲ್ಲೇ ಇತ್ತು, ಅವರು ಕೇಳಲಿಲ್ಲ.